ಬೆಳೆ ಕಾಯುವ ಕೇಪಿನ ಕೋವಿಗೆ ಎರಡು ಕಾನೂನು: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ಚಿತ್ರದುರ್ಗ

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಉಪ ಅರಣ್ಯ ಸಂರಕ್ಷಣಾಧಿಕಾರಿಗಳು

ವಿಷಯ: ಬೆಳೆ ರಕ್ಷಣೆಗೆ ಕೊಟ್ಟಿರುವ ಎಸ್‌ಬಿಎಂಎಲ್ (ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ) ಕೋವಿಗಳ ಬಳಕೆ, ತಪಾಸಣೆ, ರಿಪೇರಿ ಮತ್ತು ಚುನಾವಣೆ ಸಮಯದಲ್ಲಿ ಅವುಗಳನ್ನು ಠಾಣೆಯಲ್ಲಿ ಠೇವಣಿ ಇಡುವುದು

ಮಾನ್ಯರೇ,

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಗುಡ್ಡದಂಚಿನ ಊರುಗಳಲ್ಲಿ ಪರವಾನಗಿ ಪಡೆದು ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ, ಕೇಪು ಎಂಬ ಸಣ್ಣ ಸಿಡಿಮದ್ದಿನ ಟೋಪಿಯಿಂದ ಹೊತ್ತಿಸುವ ಬಂದೂಕು) ಇಟ್ಟುಕೊಂಡಿರುವ ರೈತರು ನಾವು. ಪರವಾನಗಿ ಪುಸ್ತಕದಲ್ಲಿ ಉದ್ದೇಶ ಎಂಬಲ್ಲಿ ‘ಬೆಳೆ ರಕ್ಷಣೆ’ ಎಂದು ಮೊಹರಿನ ಸಮೇತ ಬರೆದಿದೆ. ರಾತ್ರಿ ಮೆಕ್ಕೆಜೋಳಕ್ಕೋ ಶೇಂಗಾಕ್ಕೋ ಹಂದಿ ಹಿಂಡು ನುಗ್ಗಿದಾಗ ಆ ಕೋವಿಯಿಂದ ಏನು ಮಾಡಬಹುದು, ಏನು ಮಾಡಿದರೆ ಜೈಲು ಎಂಬುದು ಮಾತ್ರ ಅದರಲ್ಲಿಲ್ಲ. ಕೋವಿ ಕೊಡುವುದು ಒಂದು ಕಾನೂನು, ಪ್ರಾಣಿಯ ಮೇಲೆ ಗುರಿ ಇಡದಂತೆ ತಡೆಯುವುದು ಇನ್ನೊಂದು. ಮೊದಲನೆಯದು ಕಂದಾಯ ಮತ್ತು ಪೊಲೀಸ್ ಕಡೆಯದು, ಎರಡನೆಯದು ಅರಣ್ಯ ಇಲಾಖೆಯದು. ಎರಡನ್ನೂ ಸೇರಿಸಿ, ಕನ್ನಡದಲ್ಲಿ, ಜಂಟಿ ಸಹಿಯ ಒಂದೇ ಸುತ್ತೋಲೆ ಹೊರಡಿಸಬೇಕು ಎಂಬುದು ನಮ್ಮ ಕೋರಿಕೆ. ಅದರಲ್ಲಿ ಏನೇನಿರಬೇಕು, ಯಾಕಿರಬೇಕು ಎಂಬುದನ್ನು ಮುಂದೆ ಬರೆದಿದ್ದೇವೆ.

ಮೊದಲು ಕೋವಿ ಕೊಡುವ ಕಾನೂನು. 1959ರ ಆಯುಧ ಅಧಿನಿಯಮದ 13(3)ನೇ ಕಲಮಿನ ಪ್ರಕಾರ ನಿಜವಾಗಿಯೂ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ ಕೇಳಿದ ನಾಗರಿಕನಿಗೆ, 14ನೇ ಕಲಮಿನ ಅಡ್ಡಿಗಳಿಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು. ಅದು ಸಾಲದು ಎಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ಬೇರೆ ಕೋವಿಯನ್ನೂ ಕೊಡಬಹುದು. ಆಸ್ತಿ ಸಾಲದು ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ. ತಳ್ಳಿದರೆ ಕಾರಣವನ್ನು ದಾಖಲಿಸಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರು ವರ್ಷದ ಬದಲು ಐದು ವರ್ಷ. ಒಬ್ಬರ ಬಳಿ ಇರಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. 2016ರ ಆಯುಧ ನಿಯಮಗಳ ಪ್ರಕಾರ ಅರ್ಜಿದಾರ ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ತರಬೇಕು. ಇಷ್ಟರಮಟ್ಟಿಗೆ ಕಾನೂನು ರೈತನ ಪರವಾಗಿಯೇ ಇದೆ, ತಕರಾರಿಲ್ಲ.

ಕೊಡಗಿನವರಿಗೆ ಪರವಾನಗಿಯೇ ಬೇಡವಂತಲ್ಲ ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಪರವಾನಗಿ ಇಲ್ಲದೆ ಇಂಥ ಕೋವಿ ಸಿಕ್ಕಿದರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಶಿಕ್ಷೆ.

ಇನ್ನು ತಡೆಯುವ ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ (ಅನುಸೂಚಿ ಎಂದರೆ ರಕ್ಷಿತ ಪ್ರಾಣಿಗಳ ಪಟ್ಟಿ). ಕರಡಿ, ಚಿರತೆ, ಕೊಂಡುಕುರಿ, ಕೃಷ್ಣಮೃಗ, ನವಿಲು ಮೊದಲನೆಯದರಲ್ಲಿವೆ. ಎರಡನೇ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟವರು, 11(1)(ಬಿ) ಅಡಿ ಲಿಖಿತ ಅನುಮತಿ ಕೊಡಬಹುದು. ಆ ಕಾಗದವಿಲ್ಲದೆ ಹಂದಿಗೆ ಹೊಡೆದರೆ, ಹೊಲ ನಮ್ಮದೇ ಆಗಿರಲಿ, ಕೋವಿಗೆ ಪರವಾನಗಿ ಇರಲಿ, ಅದು ಬೇಟೆಯೇ: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮೊದಲ ಅನುಸೂಚಿಯ ಪ್ರಾಣಿಗೆ ಹೊಡೆದರೆ ಕನಿಷ್ಠ 3, ಗರಿಷ್ಠ 7 ವರ್ಷ. ಶಿಕ್ಷೆಯಾದವನ ಬಂದೂಕು ಪರವಾನಗಿ ರದ್ದು ಮಾಡಿ, ಐದು ವರ್ಷ ಹೊಸದು ಸಿಗದಂತೆಯೂ ನ್ಯಾಯಾಲಯ ಆದೇಶಿಸಬಹುದು. ಮೈಮೇಲೆ ಬಂದ ಪ್ರಾಣಿಯನ್ನು ಪ್ರಾಣ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ್ದು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಬೇಟೆ ಎಂದರೇನು ಎಂದು ಅದೇ ಕಾಯ್ದೆಯ 2(16) ಹೇಳುವಾಗ ಕೊಲ್ಲುವುದು, ಹಿಡಿಯುವುದರ ಜೊತೆಗೆ ಪ್ರಾಣಿಯನ್ನು ಅಟ್ಟುವುದನ್ನೂ ಸೇರಿಸಿದೆ. ಬೆಳೆ ರಕ್ಷಣೆಯ ಕೋವಿ ಇರುವವರಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ: ಚರೆ (ಸಣ್ಣ ಸೀಸದ ಗುಂಡು) ಹಾಕದೆ, ಬರೀ ಮದ್ದು ಮತ್ತು ಬಿರಡೆ (ಮದ್ದಿನ ಮೇಲೆ ಒತ್ತುವ ಕಾಗದ ಅಥವಾ ನಾರಿನ ಮುಚ್ಚಳ) ತುಂಬಿ ಸದ್ದು ಮಾಡುವುದು. ಹಂದಿ ಗುಡ್ಡ ಹತ್ತಿದರೆ ಸಾಕು. ತನ್ನ ಹೊಲದೊಳಗೆ ನಿಂತು, ಆಕಾಶಕ್ಕಲ್ಲ, ಬದುವಿನ ಮಣ್ಣಿನತ್ತ ಬಾಯಿ ಮಾಡಿ ಹೊಡೆಯುವ ಈ ಬರೀ ಸದ್ದಿನ ಈಡು ಅಪರಾಧವೋ ಅಲ್ಲವೋ? ಒಬ್ಬ ಅಧಿಕಾರಿ ಹೊಡೆಯಿರಿ ಎನ್ನುತ್ತಾರೆ, ಇನ್ನೊಬ್ಬರು ಕೇಸು ಎನ್ನುತ್ತಾರೆ. ಎರಡೂ ಬಾಯಿಮಾತು. ಸುತ್ತೋಲೆಯ ಮೊದಲ ಸಾಲು ಇದಕ್ಕೆ ಉತ್ತರವಾಗಿರಲಿ. ಕೇರಳದಲ್ಲಿ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರನ್ನು ಗೌರವ ವನ್ಯಜೀವಿ ಪರಿಪಾಲಕರನ್ನಾಗಿ ಮಾಡಿ, ಪರವಾನಗಿ ಇರುವ ಬಂದೂಕುದಾರರಿಂದ ಕಾಡುಹಂದಿ ಹೊಡೆಸಲು ಆದೇಶಿಸುವ ಅಧಿಕಾರ ಕೊಟ್ಟರು. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಅಲ್ಲಿ ಯಾರನ್ನು ಕೇಳಬೇಕು ಎಂಬುದಾದರೂ ರೈತನಿಗೆ ಗೊತ್ತು.

ಅಭಯಾರಣ್ಯದ ಸುತ್ತಲಿನ 10 ಕಿಲೋಮೀಟರ್ ಇನ್ನೊಂದು ಗೋಜಲು. ಕಾಯ್ದೆಯ 34ನೇ ಕಲಮಿನಂತೆ ಅಭಯಾರಣ್ಯದ ಒಳಗೆ ಅಥವಾ 10 ಕಿ.ಮೀ. ಒಳಗೆ ವಾಸಿಸುವ ಆಯುಧ ಪರವಾನಗಿದಾರರೆಲ್ಲ ಮುಖ್ಯ ವನ್ಯಜೀವಿ ಪರಿಪಾಲಕರಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಅವರ ಪೂರ್ವಸಮ್ಮತಿ ಬೇಕು. ನಮ್ಮಲ್ಲಿ ಜೋಗಿಮಟ್ಟಿ ಇದೆ. ಪಕ್ಕದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯದ 10 ಕಿ.ಮೀ. ಗೆರೆ ಜಿಲ್ಲೆಯ ಗಡಿ ನೋಡಿ ನಿಲ್ಲುವುದಿಲ್ಲ. ಯಾವ ಯಾವ ಗ್ರಾಮ ಈ ಗೆರೆಯೊಳಗೆ ಬರುತ್ತದೆ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಿದರೆ, ನವೀಕರಣಕ್ಕೆ ಬಂದಾಗ ‘ನೀವು ಅಲ್ಲಿ ನೋಂದಣಿ ಮಾಡಿಸಿಲ್ಲ’ ಎಂದು ವಾಪಸು ಕಳಿಸುವ ಪ್ರಸಂಗ ತಪ್ಪುತ್ತದೆ.

ಕೋವಿ ಯಾರ ಕೈಯಲ್ಲಿರಬೇಕು ಎಂಬುದರಲ್ಲೂ ಹಳ್ಳಿಯಲ್ಲಿ ತಪ್ಪು ತಿಳಿವಳಿಕೆ ಬೇರೂರಿದೆ. ಪುಸ್ತಕ ಅಪ್ಪನ ಹೆಸರಲ್ಲಿ, ರಾತ್ರಿ ಹೊಲದ ಅಟ್ಟಣೆಯಲ್ಲಿ ಕೋವಿ ಹಿಡಿದು ಮಲಗುವವನು ಮಗ. ಕಾನೂನಿನಲ್ಲಿ ಇದು ಪರವಾನಗಿ ಇಲ್ಲದ ಬಂದೂಕಿಗೆ ಸಮ. ಪರವಾನಗಿದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅಧಿಕಾರದ ಮೇಲೆ, ರಿಪೇರಿಗೆ, ನವೀಕರಣಕ್ಕೆ ಅಥವಾ ಅವನೇ ಬಳಸುವುದಕ್ಕೆ ಬೇರೆಯವರು ಕೋವಿ ಒಯ್ಯಬಹುದು, ಅಷ್ಟೇ. ಅಪ್ಪನಿಗೆ 70 ವರ್ಷ ತುಂಬಿದ್ದರೆ, ಅಥವಾ ಕೋವಿ 25 ವರ್ಷದಿಂದ ಅವನ ಬಳಿ ಇದ್ದರೆ, ಅವನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಪರವಾನಗಿ ಕೇಳಲು 2016ರ ನಿಯಮಗಳಲ್ಲಿ ದಾರಿ ಇದೆ. ಈ ದಾರಿಯನ್ನು ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಬರೆಸಿದರೆ ಅರ್ಧ ಕೇಸುಗಳು ಹುಟ್ಟುವುದೇ ಇಲ್ಲ.

ಈಗ ಕೋವಿಯ ವಿಚಾರಕ್ಕೆ ಬರೋಣ, ಯಾಕೆಂದರೆ ತರಬೇತಿ ಎಂದರೆ ತೋಟಾ ಬಂದೂಕಿನ ತರಬೇತಿ ಎಂದೇ ಎಲ್ಲರೂ ತಿಳಿದಿದ್ದಾರೆ. ಕೇಪಿನ ಕೋವಿಯ ಅಪಾಯಗಳೇ ಬೇರೆ. ತೋಟಾ ಬಂದೂಕನ್ನು ಮುರಿದು ನೋಡಿದರೆ ಖಾಲಿಯೋ ಭರ್ತಿಯೋ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಯ ಹಿಂಬದಿ ತಿರುಪಿನಿಂದ ಮುಚ್ಚಿರುತ್ತದೆ, ಒಳಗೆ ಏನಿದೆ ಎಂದು ಹೇಳುವುದು ಗಜ (ಬಾಯಿಂದ ಇಳಿಸಿ ಮದ್ದು ಒತ್ತುವ ಕೋಲು) ಮಾತ್ರ. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೀರು, ಸರಿಯಾಗಿ ತುಂಬಿದಾಗ ನಿಲ್ಲುವ ಮಟ್ಟಕ್ಕೆ ಇನ್ನೊಂದು ಗೀರು. ಈ ಎರಡು ಗೀರಿಲ್ಲದ ಗಜವನ್ನು ತಪಾಸಣೆಯಲ್ಲಿ ಒಪ್ಪಲೇಬಾರದು. ಎರಡನೇ ಗೀರಿಗಿಂತ ಗಜ ಮೇಲೆ ನಿಂತರೆ ಎರಡರಲ್ಲಿ ಒಂದಾಗಿದೆ. ಈಡಿನ ಮೇಲೆ ಈಡು ಕೂತಿದೆ, ಇಲ್ಲವೇ ಚರೆ ಮದ್ದಿಗೆ ತಾಗದೆ ಮಧ್ಯದಲ್ಲೇ ಸಿಕ್ಕಿಕೊಂಡಿದೆ. ಎರಡನೆಯದು ಹೆಚ್ಚು ಕೆಟ್ಟದ್ದು. ಮದ್ದಿಗೂ ಚರೆಗೂ ನಡುವೆ ಗಾಳಿ ಉಳಿದರೆ ಆ ಜಾಗದಲ್ಲೇ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ, ಮತ್ತು ಆ ಜಾಗ ಎಡಗೈ ಹಿಡಿದಿರುವ ಕಡೆಯೇ ಇರುತ್ತದೆ.

ತುಂಬುವ ಕ್ರಮ ಹೀಗೆ. ಮೊದಲು ಗಜ ಇಳಿಸಿ ಖಾಲಿ ಎಂದು ಖಚಿತ ಮಾಡಿಕೊಂಡು ಎಣ್ಣೆ ಒರೆಸಬೇಕು. ಖಾಲಿ ನಳಿಗೆಯಲ್ಲಿ ಒಂದೆರಡು ಕೇಪು ಹೊಡೆದು ನಿಪ್ಪಲಿನ (ಕೇಪು ಕೂರಿಸುವ ಮೂತಿಯ) ತೂತು ತೆರೆದಿದೆಯೇ ನೋಡಬೇಕು. ಬಾಯಿಯ ಮುಂದಿನ ಹುಲ್ಲುಕಡ್ಡಿ ಅಲುಗಿದರೆ ದಾರಿ ಸರಿಯಿದೆ. ಮದ್ದನ್ನು ಅದು ತುಂಬಿಟ್ಟ ಬುರುಡೆಯಿಂದ (ಡಬ್ಬಿಯಿಂದ) ನೇರವಾಗಿ ನಳಿಗೆಗೆ ಸುರಿಯಕೂಡದು, ಬೇರೆ ಅಳತೆಯಲ್ಲಿ ತೆಗೆದುಕೊಂಡೇ ಹಾಕಬೇಕು. ಹಿಂದಿನ ಈಡಿನ ಕಿಡಿ ತಳದಲ್ಲಿ ಉಳಿದಿದ್ದರೆ ಅಳತೆಯಷ್ಟು ಮದ್ದು ಹೊತ್ತಿ ಕೈ ಸುಡುತ್ತದೆ; ಬುರುಡೆಯೇ ಹೊತ್ತಿದರೆ ಕೈಯೇ ಉಳಿಯುವುದಿಲ್ಲ. ಎರಡನೇ ಈಡಿಗೆ ಮುಂಚೆ ಒದ್ದೆ ಬಟ್ಟೆ ಇಳಿಸಿ ತೆಗೆಯುವುದು ಇದೇ ಕಾರಣಕ್ಕೆ. 12 ಬೋರಿನ ಅಗಲದ ಗಟ್ಟಿ ನಳಿಗೆಗೆ ಹಳೆಯ ಅಳತೆ ಸುಮಾರು 5 ಗ್ರಾಂ ಕರಿಮದ್ದು, 28ರಿಂದ 32 ಗ್ರಾಂ ಚರೆ. ನಳಿಗೆ ಸಣ್ಣದಾದರೆ ಎರಡೂ ಕಡಿಮೆ, ಮದ್ದು ನುಣುಪಾದಷ್ಟೂ ಒತ್ತಡ ಹೆಚ್ಚು. ಮದ್ದಿನ ಮೇಲೆ ಬಿರಡೆ, ಚರೆಯ ಮೇಲೆ ತೆಳು ಬಿರಡೆ. ಗಜವನ್ನು ಬೆರಳ ತುದಿಯಲ್ಲಿ ಹಿಡಿದು ಒತ್ತಬೇಕು, ಅಂಗೈ ಇಟ್ಟು ಅಲ್ಲ. ಮುಖ ಬಾಯಿಯ ನೇರಕ್ಕೆ ಬರಬಾರದು. ಕೇಪು ಕೂರಿಸುವುದು ಎಲ್ಲಕ್ಕೂ ಕೊನೆಗೆ, ಹೊಡೆಯುವ ಜಾಗದಲ್ಲಿ ನಿಂತ ಮೇಲೆ.

ಸದ್ದಿನ ಈಡು ನಿರಪಾಯ ಎಂಬ ಭ್ರಮೆಯೂ ಬೇಡ. ಕಾಗದ ಅಥವಾ ಒಣ ತೆಂಗಿನ ನಾರಿನ ಬಿರಡೆ ಹೊತ್ತಿಕೊಂಡೇ ಹಾರುತ್ತದೆ. ಜನವರಿಯ ಮೇಲೆ ಬಣವೆಗೋ ಗುಡ್ಡದ ಬಾದೆ ಹುಲ್ಲಿಗೋ ಅದು ಬಿದ್ದರೆ ಹಂದಿಗಿಂತ ದೊಡ್ಡ ನಷ್ಟ. ಹತ್ತಿರದಲ್ಲಿ ಮನುಷ್ಯನಿಗೆ ತಾಗಿದರೆ ಬಿರಡೆಯೂ ಗಾಯ ಮಾಡುತ್ತದೆ.

ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದರೂ ಈಡು ಹೊರಡದಿದ್ದರೆ ಬಾಯಿಯನ್ನು ಅದೇ ದಿಕ್ಕಿನಲ್ಲಿ ಕನಿಷ್ಠ ಒಂದು ನಿಮಿಷ ಹಿಡಿದಿರಬೇಕು. ತೇವ ಹಿಡಿದ ಮದ್ದು ತಡವಾಗಿ ಹೊತ್ತುವುದುಂಟು. ಆಮೇಲೆ ಹೊಸ ಕೇಪು ಇಟ್ಟು ನೋಡಬಹುದು. ಅದಕ್ಕೂ ಜಗ್ಗದಿದ್ದರೆ ನಿಪ್ಪಲ್ ಬಿಚ್ಚಿ, ಆ ದಾರಿಯಿಂದ ನೀರು ಬಿಟ್ಟು ಮದ್ದನ್ನು ಪೂರ್ತಿ ನೆನೆಸಿ, ಗಜದ ತುದಿಯ ಸ್ಕ್ರೂನಿಂದ ಬಿರಡೆ ಎಳೆದು ತೆಗೆಯಬೇಕು. ಬೆಂಕಿಗೆ ಹಿಡಿದು ‘ಒಣಗಿಸುವ’ ಜಾಣರೂ ಇದ್ದಾರೆ, ಅವರಿಗೆ ನಮ್ಮ ಬಳಿ ಸಲಹೆ ಇಲ್ಲ.

ಕೋವಿ ಸಿಡಿಯುವುದಕ್ಕೆ ಇನ್ನೊಂದು ದೊಡ್ಡ ಕಾರಣ ತಪ್ಪು ಮದ್ದು. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದಿನ ಒತ್ತಡವನ್ನು ಈ ನಳಿಗೆಗಳು ತಡೆಯುವುದಿಲ್ಲ, ಅಳತೆ ಎಷ್ಟೇ ಕಡಿಮೆ ಇರಲಿ. ಪಟಾಕಿಯ ಮದ್ದು, ಬೆಂಕಿಕಡ್ಡಿಯ ತಲೆ ಇನ್ನೂ ಕೆಟ್ಟವು. ಗಜದ ಗುದ್ದಿಗೇ ಹೊತ್ತಬಹುದು. ಕೋಟೆಯಲ್ಲಿ ಮದ್ದು ಬೀಸುವ ಕಲ್ಲು ನೋಡಿ ಬೆಳೆದ ಊರಿನವರಿಗೆ ಮದ್ದಿನ ವಿಷಯ ಬೇರೆ ಹೇಳಬೇಕೇ ಎನ್ನಬೇಡಿ, ಹೇಳಬೇಕು. ಈಗಿನ ಹುಡುಗರು ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿ ಕಲಿಯುತ್ತಾರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಇಂಥ ಬಂದೂಕಿಗೆಂದೇ ಬೇರೆ ಬೇಟೆ ಹಂಗಾಮು ಇದೆ. ಬಳಸುವುದು ನಳಿಗೆಯೊಳಗೆ ಸುರುಳಿ ಗೀರಿರುವ .50 ರೈಫಲ್ಲು, ಮದ್ದು ಬಿಲ್ಲೆಯ ರೂಪದಲ್ಲಿ ಸಿಗುತ್ತದೆ. ಅಲ್ಲಿನ ಕೇಂದ್ರ ಕಾನೂನು ಬಾಯಿಂದ ತುಂಬುವ ಹೆಚ್ಚಿನ ಕೋವಿಗಳನ್ನು ಬಂದೂಕೆಂದೇ ಲೆಕ್ಕಿಸುವುದಿಲ್ಲ. ಆ ಅಳತೆ, ಆ ಧೈರ್ಯ ಎರಡೂ ಇಲ್ಲಿಗೆ ಹೊಂದುವುದಿಲ್ಲ.

ತೊಳೆಯದಿದ್ದರೆ ಏನಾಗುತ್ತದೆ ಎಂಬುದು ಕಾನೂನಿಗೂ ಸಂಬಂಧಿಸಿದ್ದು. ಕರಿಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಹೊಡೆದ ದಿನವೇ ನಿಪ್ಪಲ್ ಬಿಚ್ಚಿ, ಬಿಸಿನೀರು ತಿಳಿಯಾಗಿ ಬರುವವರೆಗೆ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಬೇಕು. ಇಲ್ಲದಿದ್ದರೆ ತುಕ್ಕು ಮೊದಲು ಹಿಂಬದಿಯ ತಿರುಪಿನ ಬುಡ ಹಿಡಿಯುತ್ತದೆ, ಆಮೇಲೆ ಮೇಲಿನ ನಂಬರನ್ನು. ನಂಬರು ಅಳಿಸಿದ ಬಂದೂಕು ಯಾರ ಬಳಿ ಇದೆಯೋ ಅವನೇ ಅಳಿಸಿದ್ದಾನೆ ಎಂದು ಭಾವಿಸಲು ಆಯುಧ ಅಧಿನಿಯಮದ 8ನೇ ಕಲಮು ಅವಕಾಶ ಕೊಡುತ್ತದೆ. ಹಾಗಲ್ಲ ಎಂದು ರುಜುವಾತು ಮಾಡುವುದು ರೈತನ ಹೊಣೆ. ನಂಬರು ಮಸುಕಾಗುತ್ತಿರುವಾಗಲೇ ಠಾಣೆಗೆ ತೋರಿಸಿ ದಾಖಲಿಸಲು ಒಂದು ವ್ಯವಸ್ಥೆ ಬೇಕು.

ರಿಪೇರಿಯದು ಇನ್ನೂ ಬಿಗಿ. ನಿಪ್ಪಲಿನ ತೂತು ಸವೆದು ದೊಡ್ಡದಾದರೆ ಹೊಗೆ ಹಿಂದಕ್ಕೆ ಉಗಿದು ಕೇಪಿನ ಚೂರು ಕಣ್ಣಿಗೆ ಹಾರುತ್ತದೆ. ಕುದುರೆಯನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಅರ್ಧ ಮೆಟ್ಟಿಲು ಸವೆದರೆ ಬಿಲ್ಲು (ಟ್ರಿಗರ್) ಎಳೆಯದೆಯೇ ಈಡು ಹೊರಡುತ್ತದೆ. ಎರಡೂ ಸಣ್ಣ ಕೆಲಸ, ಊರ ಕಮ್ಮಾರ ಅರ್ಧ ಗಂಟೆಯಲ್ಲಿ ಮಾಡಿಬಿಡುತ್ತಾನೆ. ಆದರೆ ಪರವಾನಗಿ ಇಲ್ಲದೆ ಬಂದೂಕು ರಿಪೇರಿ ಮಾಡಿದರೆ 5ನೇ ಕಲಮಿನ ಉಲ್ಲಂಘನೆ: ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕಳ್ಳ ಕೋವಿ ಇಟ್ಟುಕೊಂಡವನಿಗಿಂತ ಸಕ್ರಮ ಕೋವಿಯ ನಿಪ್ಪಲ್ ಬದಲಿಸಿದ ಕಮ್ಮಾರನಿಗೆ ಹೆಚ್ಚು ಶಿಕ್ಷೆ ಎಂಬುದು ಎಷ್ಟು ಜನರಿಗೆ ಗೊತ್ತು? ಬಾಯಿ ಸೀಳಿದ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದಕ್ಕೂ 6ನೇ ಕಲಮಿನ ಅಡಿ ಪ್ರತ್ಯೇಕ ಪರವಾನಗಿ ಬೇಕು. ಶಿಕ್ಷೆ ಕಡಿಮೆ ಮಾಡಿ ಎಂದು ತಮ್ಮನ್ನು ಕೇಳುತ್ತಿಲ್ಲ, ಅದು ಸಂಸತ್ತಿನ ಕೆಲಸ. ಪರವಾನಗಿ ಇರುವ ರಿಪೇರಿಗಾರರು ಎಲ್ಲೆಲ್ಲಿದ್ದಾರೆ ಎಂಬ ಪಟ್ಟಿ ಕೊಡಿ, ವರ್ಷಕ್ಕೊಮ್ಮೆ ಅವರನ್ನು ತಾಲ್ಲೂಕಿಗೆ ಕರೆಸಿ. ಕೂಲಿ ನಾವೇ ಕೊಡುತ್ತೇವೆ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಿಸುವುದು ಕೊನೆಯ ವಿಷಯ, ಸಣ್ಣದಲ್ಲ. 2024ರ ಲೋಕಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ, ಚಿತ್ರದುರ್ಗದಲ್ಲಿ ಮತದಾನ ಏಪ್ರಿಲ್ 26ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಅಷ್ಟರಲ್ಲಿ ಮುಂಗಾರು ಬಂದು ಬಿತ್ತನೆ ಶುರುವಾಗಿರುತ್ತದೆ, ಬಿತ್ತಿದ ಶೇಂಗಾ ಬೀಜವನ್ನು ಸಾಲು ಹಿಡಿದು ಹಂದಿ ಕೆದಕುವುದೂ ಆಗಲೇ. ಎಲ್ಲ ಪರವಾನಗಿದಾರರ ಬಂದೂಕನ್ನೂ ಕಣ್ಣುಮುಚ್ಚಿ ಇಡಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ಭಾಗಿಯಾದವರು ಹೀಗೆ ಪರಿಶೀಲಿಸಿ ತೀರ್ಮಾನಿಸಲು ಪರಿಶೀಲನಾ ಸಮಿತಿ ಇರಬೇಕು ಎಂದಿದೆ. ಬೆಳೆ ರಕ್ಷಣೆಯ ಕೇಪಿನ ಕೋವಿಗಳನ್ನು ಆ ಸಮಿತಿ ಒಂದೊಂದಾಗಿ ನೋಡಲಿ.

ಇಡಿಸಿಕೊಳ್ಳಲೇಬೇಕಾದರೆ ಇಡುವ ರೀತಿ ಬದಲಾಗಲಿ. ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿಯಲ್ಲ. ಠಾಣೆಯ ಮೂಲೆಯಲ್ಲಿ ಭರ್ತಿ ಕೋವಿ ಮೂರು ತಿಂಗಳು ನಿಂತರೆ ಅದನ್ನು ಎತ್ತಿಡುವ ಪೊಲೀಸಿನವರಿಗೇ ಅಪಾಯ. ಪಡೆಯುವಾಗ ಪರವಾನಗಿದಾರನ ಎದುರಲ್ಲೇ ಗಜ ಇಳಿಸಿ ನೋಡಿ, ಕುದುರೆ ಇಳಿಸಿ, ಒಳಗೂ ಹೊರಗೂ ಎಣ್ಣೆ ಸವರಿಸಿ, ನಂಬರಿನ ಚೀಟಿ ಕಟ್ಟಿ, ನಿಪ್ಪಲ್ ಮತ್ತು ಗಜ ಸಮೇತ ಇದೆ ಎಂದು ರಸೀದಿಯಲ್ಲಿ ಬರೆಯಲಿ. ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ತಿರುಪಿನ ಬುಡದಲ್ಲಿ ನಿಂತು ನಿಪ್ಪಲಿನ ತೂತು ಕಟ್ಟುವುದಿಲ್ಲ. ಫಲಿತಾಂಶದ ಒಂದು ವಾರದ ನಂತರ ವಾಪಸು ಕೊಡಬೇಕೆಂಬ ಆಯೋಗದ ಸೂಚನೆಯ ತಾರೀಖನ್ನೂ ಅದೇ ರಸೀದಿಯಲ್ಲಿ ನಮೂದಿಸಲಿ.

ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲಿ, ತಾಲ್ಲೂಕಿಗೊಂದು ದಿನ ಪೊಲೀಸ್ ಆರ್ಮರರ್ (ಆಯುಧ ನೋಡಿಕೊಳ್ಳುವ ತಂತ್ರಜ್ಞ), ಅರಣ್ಯ ವಲಯಾಧಿಕಾರಿ ಮತ್ತು ಪರವಾನಗಿ ಶಾಖೆಯ ಗುಮಾಸ್ತರು ಒಂದೇ ಕಡೆ ಕೂರಲಿ. ನಳಿಗೆ, ನಿಪ್ಪಲ್, ಅರ್ಧ ಮೆಟ್ಟಿಲು, ಗಜದ ಗೀರು, ನಂಬರು ನೋಡಲು ಒಂದು ಕೋವಿಗೆ ಹತ್ತು ನಿಮಿಷ ಸಾಕು. ನಳಿಗೆ ಉಬ್ಬಿರುವುದನ್ನು, ಬೆಸುಗೆ ಗೆರೆ ಕಾಣುವ ನೀರಿನ ಪೈಪಿನಿಂದ ಮಾಡಿದ್ದನ್ನು ಅಲ್ಲೇ ತಡೆಹಿಡಿಯಿರಿ, ನಮ್ಮ ಅಡ್ಡಿಯಿಲ್ಲ. ಅದೇ ದಿನ ಸುತ್ತೋಲೆಯ ಒಂದೊಂದು ಪ್ರತಿಯನ್ನು ಪರವಾನಗಿ ಪುಸ್ತಕದ ಒಳಗೆ ಅಂಟಿಸಿ ಕೊಡಿ. ದಿನ ಗೊತ್ತುಮಾಡಿ ಡಂಗುರ ಸಾರಿಸಿದರೆ ಕೋವಿ ಖಾಲಿ ಮಾಡಿಕೊಂಡು, ಎಣ್ಣೆ ಒರೆಸಿಕೊಂಡು ಬರುವುದು ನಮ್ಮ ಜವಾಬ್ದಾರಿ.

ಇತಿ,
ಹೊಳಲ್ಕೆರೆ, ಹೊಸದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ಬೆಳೆ ರಕ್ಷಣಾ ಪರವಾನಗಿದಾರರು